ನೈನಿತಾಲಿನ ‘ನಾವ್’

ಹೂಟಗಳ್ಳಿ, ಮೈಸೂರು
ಬುಧವಾರ, ೧೨ ನವೆಂಬರ್ ೨೦೨೫

ಇಲವಾಲದ ತೋಟದ ಯಜಮಾನರಿಗೆ,

ನಮಸ್ಕಾರ. ನಾವೆಲ್ಲ ಆರೋಗ್ಯವಾಗಿದ್ದೇವೆ. ನಿಮ್ಮ ಮಂಡಿನೋವು ಹೇಗಿದೆ ಎಂದು ಕೇಳುವುದಿಲ್ಲ. ಮಂಟಯ್ಯ ದಿನಾ ಬೆಳಿಗ್ಗೆ ನಿಮ್ಮ ತೋಟದಿಂದ ಹಾಲಿನ ಕ್ಯಾನು ತರುವಾಗ ಅದರ ವರದಿಯನ್ನೂ ಜೊತೆಗೇ ತರುತ್ತಾನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಕರೆಯುವ ಕಾಗದವಲ್ಲ. ಹಾಗೆಂದುಕೊಂಡು ಮೀಸೆ ತಿರುವಬೇಡಿ. ಭಾವನವರು ತೀರಿಕೊಂಡ ಮೇಲೆ ಅವರ ಹಸು ನೋಡಿಕೊಂಡು ನಾಲ್ಕು ದಿನದಲ್ಲಿ ಬರುತ್ತೇನೆ ಎಂದು ಹೋದವರು ನೀವು. ಎರಡು ಯುಗಾದಿ ಕಳೆದವು. ಬರಲಿಲ್ಲ ಯಾಕೆ ಎಂದರೆ “ಬಾ ಅಂದ್ರೆ ಬತ್ತೀನಿ” ಎಂದು ಮಗನ ಹತ್ತಿರ ಹೇಳಿ ಕಳಿಸಿದಿರಿ. ಆಗ ಹೇಳಿದ್ದನ್ನೇ ಈಗಲೂ ಹೇಳುತ್ತೇನೆ. ಕರೆಯುವುದು ನೆಂಟರನ್ನು. ಮನೆಯ ಯಜಮಾನರನ್ನು ಅವರ ಮನೆಗೇ ಬನ್ನಿ ಎಂದು ಕರೆದರೆ ಅವರನ್ನು ನೆಂಟರನ್ನಾಗಿ ಮಾಡಿದ ಹಾಗೆ. ಆ ಕೆಲಸ ನನ್ನಿಂದ ಆಗುವುದಿಲ್ಲ. ಹೂಟಗಳ್ಳಿಗೂ ಇಲವಾಲಕ್ಕೂ ಅದೇ ಹುಣಸೂರು ರಸ್ತೆ, ಅದೇ ಬಸ್ಸು. ಬಾಗಿಲಿಗೆ ಚಿಲಕ ಹಾಕಿದವರು ಯಾರೂ ಇಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನಾನು ಹತ್ತು ಮಾತಾಡಿದರೆ ನೀವು ಒಂದು “ಹೂಂ” ಅನ್ನುತ್ತೀರಿ. ಆಮೇಲೆ “ಅದ್ಕೇ, ಈಗ ಕರೀತಿದ್ದೀಯಾ?” ಅನ್ನುತ್ತೀರಿ. ಕಾಗದವಾದರೆ ನಡುವೆ ಬಾಯಿ ಹಾಕುವ ಹಾಗಿಲ್ಲ. ಕನ್ನಡಕ ಹಾಕಿಕೊಂಡು ಜಗಲಿ ಮೇಲೆ ಕೂತು ಪೂರ್ತಿ ಓದಿ. ಇದನ್ನು ಮಂಟಯ್ಯನ ಕೈಯಲ್ಲೇ ಕಳಿಸುತ್ತಿದ್ದೇನೆ, ಹಾಗಾಗಿ ಲಕೋಟೆ ಮೇಲೆ ಹೆಸರಿನ ಅಗತ್ಯವೂ ಬೀಳಲಿಲ್ಲ. ನಿಮ್ಮ ಹೆಸರನ್ನು ನಾನು ಬರೆಯುವವಳೂ ಅಲ್ಲ, ಹೇಳುವವಳೂ ಅಲ್ಲ, ನಿಮಗೇ ಗೊತ್ತು. ಬ್ಯಾಂಕಿನವರು ಕೇಳಿದಾಗ ಮಗ ವಿಜಯ್‌ನ ಬಾಯಲ್ಲಿ ಹೇಳಿಸಿದ್ದೇನೆ. ಆಸ್ಪತ್ರೆಯಲ್ಲಿ ಕೇಳಿದಾಗ ಸಿಂಚನಳ ಬಾಯಲ್ಲಿ ಹೇಳಿಸಿದ್ದೇನೆ. ಮದುವೆ ದಿನ ನಿಮ್ಮ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳಿ ಒಳಗೆ ಬಾ ಎಂದಾಗಲೂ ನಾನು ಹೇಳಲಿಲ್ಲ. ಕೊನೆಗೆ ಅವರೇ ಸುಸ್ತಾಗಿ ದಾರಿ ಬಿಟ್ಟರು.

ಈಗ ವಿಷಯಕ್ಕೆ ಬರುತ್ತೇನೆ. ನಾನು ನೈನಿತಾಲಿಗೆ ಹೋಗಿ ಬಂದೆ!

ಮಂಟಯ್ಯ ಹೇಳಿರುತ್ತಾನೆ, ಆದರೆ ಅವನಿಗೆ ಏನು ಗೊತ್ತು. ಬೀದಿಯವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಎದುರು ಮನೆ ಪ್ರೇಮಲೀಲಾಗೆ ಎಷ್ಟು ಸಲ ಹೇಳಿದ್ದೇನೆಂದರೆ ಈಗ ನನ್ನನ್ನು ಕಂಡರೆ ಒಲೆ ಮೇಲೆ ಸಾರು ಇಟ್ಟಿದ್ದೇನೆ ಎಂದು ಒಳಗೆ ಓಡುತ್ತಾಳೆ. ಹೇಳದೆ ಉಳಿದವರು ನೀವೊಬ್ಬರೇ. ಬಂದು ಒಂದು ತಿಂಗಳಾದರೂ ಹೊಟ್ಟೆಯೊಳಗೆ ಸುಮ್ಮನೆ ಕೂರುತ್ತಿಲ್ಲ.

ಜಂಬೂಸವಾರಿ ಮುಗಿದ ಮಾರನೆಯ ದಿನ ಹೊರಟೆವು. ಸೊಸೆ ಸುಚಿತ್ರಾ, ಮೊಮ್ಮಗಳು ಸಿಂಚನ, ನಾನು. ವಿಜಯ್‌ಗೆ ಟೈರ್ ಅಂಗಡಿ ಬಿಟ್ಟು ಬರಲಾಗಲಿಲ್ಲ. ವಿಮಾನದಲ್ಲಿ ಕಿಟಕಿ ಪಕ್ಕ ನನಗೇ ಬೇಕು ಎಂದೆ, ಸಿಂಚನ ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ, ಅವಳಿಗೆ ಇನ್ನೂ ವಯಸ್ಸಿದೆ. ಮೇಲಿಂದ ನೋಡಿದರೆ ಮೋಡಗಳು ಅರಳೆ ಹಿಂಜಿ ಹರಡಿದ ಹಾಗೆ ಕಾಣುತ್ತವೆ ಕಣ್ರೀ. ದಿಲ್ಲಿಯಲ್ಲಿ ಇಳಿದು ರೈಲು ಹತ್ತಿದೆವು. ರೈಲು ಕಾಠಗೋದಾಮ್ ಎಂಬಲ್ಲಿ ನಿಂತುಬಿಡುತ್ತದೆ, ಅಲ್ಲಿಂದ ಮುಂದೆ ಹಳಿಯೇ ಇಲ್ಲ, ಬೆಟ್ಟ ಅಡ್ಡ. ಟ್ಯಾಕ್ಸಿಯಲ್ಲಿ ತಿರುವಿನ ಮೇಲೆ ತಿರುವು. ಸುಚಿತ್ರಾ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ನನಗೆ ಏನೂ ಆಗಲಿಲ್ಲ. ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು ನೆಟ್ಟಗೆ ಕೂತಿದ್ದೆ.

ಕೊನೆಯ ತಿರುವು ಕಳೆದಾಗ ಕೆರೆ ಕಂಡಿತು. ಅದನ್ನು ನಿಮಗೆ ಹೇಗೆ ಹೇಳಲಿ? ನಮ್ಮ ಕುಕ್ಕರಹಳ್ಳಿ ಕೆರೆಯನ್ನು ಹಾಗೇ ಅನಾಮತ್ತಾಗಿ ಎತ್ತಿ, ಚಾಮುಂಡಿ ಬೆಟ್ಟದ ತಲೆ ಮೇಲೆ ಇಟ್ಟು, ಅದರ ಸುತ್ತ ಇನ್ನೂ ನಾಲ್ಕು ಚಾಮುಂಡಿ ಬೆಟ್ಟ ನಿಲ್ಲಿಸಿದರೆ ಹೇಗಿರುತ್ತದೆಯೋ ಹಾಗೆ. ನೀರು ಹಸಿರು. ಪಾಚಿಯ ಹಸಿರಲ್ಲ, ರೇಷ್ಮೆ ಸೀರೆಯ ಹಸಿರು. ಅಲ್ಲಿಯವರು ಕೆರೆಗೆ ತಾಲ್ ಎನ್ನುತ್ತಾರೆ. ಒಂದು ನೋಡಿ ಮುಗಿಸಿದರೆ ಗುಡ್ಡದ ಆಚೆ ಇನ್ನೊಂದು ತಾಲ್ ಇರುತ್ತದೆ.

ನೈನಿತಾಲಿಗೆ ಹೋದವರು ಏನೇನು ಮಾಡಬೇಕು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳಿಸಿ. ಬೆಳಿಗ್ಗೆ ಬಿಸಿಲು ಬೆಟ್ಟದ ನೆತ್ತಿಯಿಂದ ಇಳಿದು ನೀರು ಮುಟ್ಟುವ ಮೊದಲೇ ಎದ್ದು ಕೆರೆ ಏರಿ ಮೇಲೆ ನಡೆಯಬೇಕು. ಆಗ ಅಲ್ಲಿ ಗಾಡಿಗಳಿಲ್ಲ, ಗದ್ದಲವಿಲ್ಲ. ಮರಗಳು ತಲೆ ತೊಳೆದುಕೊಳ್ಳುವ ಹೆಂಗಸರ ಹಾಗೆ ಕೊಂಬೆಗಳನ್ನು ನೀರಿಗೆ ಇಳಿಬಿಟ್ಟಿರುತ್ತವೆ. ಮೂಲೆಯಲ್ಲಿ ದೇವಿಯ ಗುಡಿ. ಸತಿಯ ಕಣ್ಣು ಬಿದ್ದ ಜಾಗವಂತೆ, ಅದಕ್ಕೇ ನೈನಾದೇವಿ. ನಮ್ಮ ಚಾಮುಂಡಿಗೆ ಅಕ್ಕ ಆಗಬೇಕೋ ತಂಗಿ ಆಗಬೇಕೋ ತಿಳಿಯಲಿಲ್ಲ. ಯಾವುದಕ್ಕೂ ಇರಲಿ ಎಂದು ಮೈಸೂರಿಂದ ಬಂದಿದ್ದೇನೆ ತಾಯಿ ಎಂದು ಹೇಳಿ ಗಂಟೆ ಹೊಡೆದೆ.

ಆಮೇಲೆ ತಂತಿ ಮೇಲೆ ಹೋಗುವ ಪೆಟ್ಟಿಗೆ ಹತ್ತಬೇಕು. ರೋಪ್‌ವೇ. ಸುಚಿತ್ರಾ “ಅತ್ತೆ, ಬ್ಯಾಡ ಅತ್ತೆ, ನೋಡಿದ್ರೇನೇ ತಲೆ ಸುತ್ತತ್ತೆ” ಅಂದಳು. “ನೋಡ್ಬೇಡ ಹಂಗಾದ್ರೆ, ಕಣ್ ಮುಚ್ಕೊಂಡು ಕೂತ್ಕೊ” ಎಂದು ಹೇಳಿ ನಾನೇ ಮೊದಲು ಹತ್ತಿದೆ. ಅವಳು ಮೇಲೆ ತಲುಪುವವರೆಗೂ ನನ್ನ ಸೆರಗು ಹಿಡಿದುಕೊಂಡೇ ಇದ್ದಳು. ಮೇಲೆ ಇಳಿದು ದೂರ ನೋಡಿದೆ. ಬಿಳೀ ಮೋಡ ಸಾಲಾಗಿ ನಿಂತಿದೆ ಅಂದುಕೊಂಡೆ. ಮೋಡ ಅಲ್ಲವಂತೆ. ಹಿಮಾಲಯ! ನಾವು ಸ್ಕೂಲಿನ ಭೂಪಟದಲ್ಲಿ ಕಂದು ಬಣ್ಣ ಬಳಿದದ್ದೆಲ್ಲ ಅಲ್ಲಿ ಬೆಳ್ಳಗೆ ಎದ್ದು ನಿಂತಿದೆ. ನನಗೆ ಮಾತು ಬರಲಿಲ್ಲ. ಈ ಸಾಲನ್ನು ಇನ್ನೊಂದು ಸಲ ಓದಿಕೊಳ್ಳಿ. ನನಗೆ ಮಾತು ಬರಲಿಲ್ಲ.

ಕುದುರೆ ಮೇಲೂ ಕೂತೆ. ಸೀರೆ ಉಟ್ಟು, ಕಾಲಿಗೆ ಸಿಂಚನಳ ಓಟದ ಬೂಟು ಹಾಕಿ, ತಲೆಗೆ ಮಂಕಿ ಟೋಪಿ. ಫೋಟೋ ತೆಗೆದಿದ್ದಾರೆ. ಆ ಫೋಟೋದಲ್ಲಿ ನನ್ನ ಕುತ್ತಿಗೆಗೆ ನಿಮ್ಮ ಫ್ಯಾಕ್ಟರಿ ಕಾಲದ ಕಂದು ಮಫ್ಲರ್ ಇರುವುದು ಯಾರಾದರೂ ತೋರಿಸಿದರೆ ಬೇರೆ ಅರ್ಥ ಮಾಡಿಕೊಳ್ಳಬೇಡಿ. ಬೀರುವಿನಲ್ಲಿ ಕೈಗೆ ಮೊದಲು ಸಿಕ್ಕಿದ್ದು ಅದು. ಹೊಗೆಸೊಪ್ಪಿನ ವಾಸನೆ ಇನ್ನೂ ಹೋಗಿಲ್ಲ. ಎಷ್ಟು ಸಲ ಒಗೆಯಬೇಕು ಎಂದುಕೊಂಡೆನೋ, ಒಗೆದಿಲ್ಲ, ಅಷ್ಟೆ.

ಜೋಳ ತಿನ್ನಬೇಕು. ಕೆಂಡದ ಮೇಲೆ ಸುಟ್ಟು, ನಿಂಬೆಹಣ್ಣಿನ ಹೋಳಿಂದ ಉಪ್ಪು ಖಾರ ತಿಕ್ಕಿ ಕೊಡುತ್ತಾರೆ. ನಮ್ಮ ಅರಮನೆ ಮುಂದೆಯೂ ಸಿಗುತ್ತದೆ, ಆದರೆ ಬಾಯಿಂದ ಹೊಗೆ ಬರುವ ಚಳಿಯಲ್ಲಿ ಅದನ್ನು ತಿನ್ನುವುದೇ ಬೇರೆ. ಸುತ್ತ ಸಕ್ಕರೆ ಮಣಿ ಅಂಟಿಸಿದ ಕಂದು ಮಿಠಾಯಿಯೊಂದಿದೆ, ನಮ್ಮ ಮೈಸೂರು ಪಾಕಿನ ಮುಂದೆ ಅದು ನಿಲ್ಲುವುದಿಲ್ಲ, ಆದರೂ ಮೂರು ತಿಂದೆ. ಅಲ್ಲಿ ಮೇಣದ ಬತ್ತಿಗಳನ್ನು ಹಣ್ಣಿನ ಆಕಾರದಲ್ಲೂ ಮಾಡುತ್ತಾರೆ. ಸೀತಾಫಲ ಎಂದುಕೊಂಡು ಎತ್ತಿ ಮೂಸಿ ನೋಡಿ, ಹಣ್ಣಾಗಿಲ್ಲ ಕಣಪ್ಪ ಎಂದು ಅಂಗಡಿಯವನಿಗೆ ವಾಪಸು ಕೊಟ್ಟೆ. ಅವನು ಏನೂ ತಿಳಿಯದೆ ಕಣ್ಣು ಕಣ್ಣು ಬಿಟ್ಟ.

ಇನ್ನೊಂದು ದಿನ ಒಂಬತ್ತು ಮೂಲೆಯ ಕೆರೆಗೆ ಹೋದೆವು. ಒಂಬತ್ತೂ ಮೂಲೆಯನ್ನು ಒಂದೇ ನೋಟದಲ್ಲಿ ಕಂಡವರಿಗೆ ಮೋಕ್ಷವಂತೆ. ಅದಕ್ಕೇ ದೇವರು ಹಾಗೆ ಕಾಣದಂತೆ ಮಾಡಿಟ್ಟಿದ್ದಾನೆ. ನಾನು ಒಂದು ದಿಬ್ಬ ಹತ್ತಿ, ಇನ್ನೊಂದು ದಿಬ್ಬ ಹತ್ತಿ ನೋಡಿದೆ. ಸುಚಿತ್ರಾ ಕೆಳಗಿಂದ “ಸಾಕು ಬನ್ನಿ ಅತ್ತೆ, ಮೋಕ್ಷ ಆಮೇಲೆ ನೋಡ್ಕಳನ, ಹೊಟ್ಟೆ ಹಸೀತಾ ಅದೆ” ಎಂದು ಕೂಗಿದಳು. ಅಲ್ಲಿಯೇ ಹತ್ತಿರದ ಗುಡ್ಡದಿಂದ ಜನ ದೊಡ್ಡ ಛತ್ರಿ ಕಟ್ಟಿಕೊಂಡು ಹಾರುತ್ತಾರೆ. ಹದ್ದಿನ ಹಾಗೆ ಸುತ್ತಿ ಸುತ್ತಿ ಕೆರೆ ದಂಡೆಯಲ್ಲಿ ಇಳಿಯುತ್ತಾರೆ. ನಾನೂ ಹಾರುತ್ತೇನೆ ಎಂದೆ. ತಮಾಷೆಗಲ್ಲ. ಸುಚಿತ್ರಾ ಅಳುವುದೊಂದು ಬಾಕಿ. “ನಿಮ್ ಮಗ ನನ್ನ ಕೊಂದ್‌ಬುಡ್ತಾರೆ” ಎಂದಳು. ಆಗಲಿ ಎಂದು ಸುಮ್ಮನಾದೆ. ಅದೊಂದು ಬಾಕಿ ಇದೆ.

ಈಗ ದೋಣಿಯ ವಿಷಯ. ಇದನ್ನು ಬೀದಿಯಲ್ಲಿ ಯಾರಿಗೂ ಹೇಳಿಲ್ಲ.

ಕೆರೆ ದಂಡೆಯಲ್ಲಿ ಸಾಲಾಗಿ ದೋಣಿಗಳು ನಿಂತಿರುತ್ತವೆ. ದೋಣಿಯವರೆಲ್ಲ “ಬೋಟಿಂಗ್, ಬೋಟಿಂಗ್” ಎಂದು ಕೂಗುತ್ತಿದ್ದರು. ಅವರ ನಡುವೆ ಒಬ್ಬ ವಯಸ್ಸಾದವನು, ನಿಮ್ಮ ವಯಸ್ಸೇ ಇರಬೇಕು, ನನ್ನ ಕಡೆ ಕೈ ಬೀಸಿ “ನಾವ್! ನಾವ್!” ಎಂದು ಕೂಗಿದ. ನನಗೆ ಎದೆ ಹಾರಿತು. ಅಷ್ಟು ದೂರದ ಊರಲ್ಲಿ ಕನ್ನಡ! ನಮ್ಮ ಕಡೆಯವರು ಬಾಗಿಲು ಬಡಿದಾಗ ಯಾರು ಎಂದರೆ “ನಾವ್” ಎನ್ನುವುದಿಲ್ಲವೇ, ಅದೇ ಧಾಟಿ, ಅದೇ ರಾಗ. ಮೆಟ್ಟಿಲು ಇಳಿದು ಓಡಿದೆ. “ಯಾವೂರಪ್ಪ ನಿಮ್ದು? ಇಲವಾಲದ ಕಡೆಯೋರಾ?” ಎಂದೆ. ಅವನು ನಗುತ್ತಾ ಮತ್ತೆ “ನಾವ್, ನಾವ್” ಎಂದ. “ನೀವೂಂತ ಗೊತ್ತಾಯ್ತು ಕಣಪ್ಪಾ, ನೀವು ಅಂದ್ರೆ ಯಾರು?” ಎಂದು ಜೋರು ಮಾಡಿದೆ.

ಹಿಂದಿನಿಂದ ಸಿಂಚನ ಬಂದವಳು ಹೊಟ್ಟೆ ಹಿಡಿದುಕೊಂಡು ಕೂತೇ ಬಿಟ್ಟಳು. “ಅಜ್ಜೀ, ಅವ್ರು ನಾವು ಅಂತಿಲ್ಲ ಕಣಜ್ಜಿ. ಹಿಂದೀಲಿ ನಾವ್ ಅಂದ್ರೆ ದೋಣಿ!” ಎಂದಳು. ನನಗೆ ಸ್ಕೂಲಿನಲ್ಲಿ ದೋಣಿಗೆ ನೌಕಾ ಎಂದು ಕಲಿಸಿದ್ದರು. ನಾನು ಎಸ್.ಎಸ್.ಎಲ್.ಸಿ.ಯಲ್ಲಿ ಹಿಂದಿ ಪಾಸಾದವಳು. ನಾವ್ ಎಂದು ಯಾರೂ ಕಲಿಸಲಿಲ್ಲ, ಅದು ನನ್ನ ತಪ್ಪಲ್ಲ.

ಸಿಂಚನಳಿಗೆ ಕಾಲಲ್ಲಿ ತುಳಿಯುವ ಹಂಸದ ದೋಣಿ ಬೇಕಿತ್ತು, ಅದರಲ್ಲಿ ಇಬ್ಬರಿಗೇ ಜಾಗ. ಅವಳೂ ಸುಚಿತ್ರಾನೂ ಅದರಲ್ಲಿ ಹೋದರು. ನಾನು ಆ ವಯಸ್ಸಾದವನ ನಾವ್ ಹತ್ತಿದೆ. ಚೆನ್ನಾಗಿ ದಿಂಬು ಹಾಕಿ ಒರಗುವ ಹಾಗೆ ಮಾಡಿದ್ದಾನೆ, ಇಬ್ಬರು ಪಕ್ಕಪಕ್ಕ ಕೂರುವ ಪೀಠ. ಅವನು ಎದುರಿಗೆ ಕೂತು ಹುಟ್ಟು ಹಾಕುತ್ತಾನೆ. ನಾನು ಕೂತ ತಕ್ಷಣ ದೋಣಿ ಒಂದು ಕಡೆ ವಾಲಿತು. ಒಬ್ಬರೇ ಆದರೆ ನಡುವೆ ಕೂರಬೇಕು ಎಂದು ಕೈಸನ್ನೆ ಮಾಡಿದ. ನನಗೆ ನಡುವೆ ಕೂರುವುದು ಗೊತ್ತಿಲ್ಲ. ಹಸೆಮಣೆ ಮೇಲೆ ಕೂತ ದಿನದಿಂದ ಎಡಗಡೆ ಕೂತು ಅಭ್ಯಾಸ. ಬಸ್ಸಿನಲ್ಲೂ ಹಾಗೆ, ಮದುವೆ ಮನೆ ಕುರ್ಚಿಯಲ್ಲೂ ಹಾಗೆ. ಈ ಎರಡು ವರ್ಷವೂ ಸೋಫಾದಲ್ಲಿ ನಾನು ಎಡಕ್ಕೇ ಕೂತಿದ್ದೇನೆ ಎಂಬುದು ನನಗೆ ಆವತ್ತೇ ತಿಳಿದದ್ದು. ಸರಿಯುವುದಿಲ್ಲ ಎಂದೆ. ಅವನು ತಲೆ ಕೆರೆದುಕೊಂಡು, ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ಕೆರೆ ನೀರು ತುಂಬಿ ನನ್ನ ಬಲಗಡೆ ಇಟ್ಟ. ದೋಣಿ ನೆಟ್ಟಗಾಯಿತು.

ನೋಡಿ ನನ್ನ ಅದೃಷ್ಟ. ಇಲ್ಲಿ ಹಾಲಿನ ಕ್ಯಾನು, ಅಲ್ಲಿ ನೀರಿನ ಕ್ಯಾನು.

ಕೆರೆ ನಡುವೆ ಬಂದಾಗ ಎಲ್ಲ ಸದ್ದು ನಿಂತಿತು. ಹುಟ್ಟಿನಿಂದ ನೀರು ತೊಟ್ಟಿಕ್ಕುವುದಷ್ಟೇ ಕೇಳುತ್ತಿತ್ತು. ಬೆಟ್ಟಗಳು ತಲೆಕೆಳಗಾಗಿ ನೀರಿನಲ್ಲಿ ನಿಂತಿದ್ದವು. ಇಷ್ಟು ಚಂದವನ್ನು ನೋಡುವಾಗ ಪಕ್ಕದಲ್ಲಿ ಒಬ್ಬರನ್ನು ತಿವಿದು “ಅಲ್ನೋಡಿ” ಎನ್ನಬೇಕು ಅನ್ನಿಸುತ್ತದೆ. ಮೊಣಕೈ ಆಡಿಸಿದೆ. ಕ್ಯಾನಿಗೆ ತಾಗಿತು.

ಅವನು ನೋಡಿದ. ಕ್ಯಾನಿನ ಕಡೆ ಬೆರಳು ತೋರಿಸಿ “ಬಾಬೂಜಿ?” ಎಂದು ಮೆಲ್ಲಗೆ ಕೇಳಿದ. ಯಜಮಾನರೆಲ್ಲಿ ಎಂದು. ನಮ್ಮವರು ಊರಲ್ಲಿ ಹಸು ನೋಡಿಕೊಂಡಿದ್ದಾರೆ ಎಂದು ಹೇಳಲು ಹೊರಟೆ. ಅಷ್ಟು ಹಿಂದಿ ಎಲ್ಲಿಂದ ಬರಬೇಕು. ಹಸುವಿಗೆ ಗಾಯ್ ಎಂಬ ಒಂದು ಪದ ನೆನಪಿತ್ತು, ಅದನ್ನೇ ಹೇಳಿದೆ. ನಮ್ಮ ಬಾಯಿಗೆ ಕೊನೆಗೊಂದು ಸ್ವರ ಸೇರಿಸದಿದ್ದರೆ ಸಮಾಧಾನವಿಲ್ಲವಲ್ಲ, ಚಳಿಗೆ ತುಟಿ ಬೇರೆ ಮರಗಟ್ಟಿತ್ತು. “ಬಾಬೂಜಿ… ಗಯಾ” ಎಂದಾಗಿಬಿಟ್ಟಿತು.

ಅವನು ಹುಟ್ಟು ನಿಲ್ಲಿಸಿದ. ತಲೆಯ ಟೋಪಿ ತೆಗೆದ. ಎರಡೂ ಕೈ ಜೋಡಿಸಿ ಆಕಾಶ ನೋಡಿ ಏನೋ ಪ್ರಾರ್ಥನೆ ಹೇಳಿಕೊಂಡ. ಆಮೇಲೆ ಸಿಂಚನ ಬಿಡಿಸಿ ಹೇಳಿದಳು. ಗಯಾ ಎಂದರೆ ಹೋದರು ಎಂದರ್ಥ. ಆಗ ನನಗೆ ಪದದ ಅರ್ಥ ಗೊತ್ತಿರಲಿಲ್ಲ. ಆದರೆ ಟೋಪಿ ತೆಗೆದು ಕೈ ಮುಗಿದದ್ದಕ್ಕೆ ಅರ್ಥ ಬೇಕೇ? ಈ ಮನುಷ್ಯ ನನ್ನ ಗಂಡ ತೀರಿಕೊಂಡ ಎಂದುಕೊಂಡಿದ್ದಾನೆ ಎಂದು ಹೊಳೆದದ್ದೇ ತಡ, ಎದ್ದು ನಿಂತುಬಿಟ್ಟೆ.

“ಸತ್ತಿಲ್ಲ ಕಣಯ್ಯಾ! ಇಲವಾಲದಲ್ಲವ್ರೆ! ಗುಂಡುಕಲ್ಲಿನಂಗವ್ರೆ!”

ದೋಣಿ ಉಯ್ಯಾಲೆ ಹಾಗೆ ತೂಗಿತು. ಅವನು “ಬೈಠಿಯೇ ಮಾಜೀ, ಬೈಠಿಯೇ!” ಎಂದು ಕಿರುಚಿದ. ನಾನು ಕೂರಲಿಲ್ಲ. ಸ್ವೆಟರಿನ ಕತ್ತಿನೊಳಗೆ ಕೈ ಹಾಕಿ, ನಿಮ್ಮ ಮಫ್ಲರ್ ಸರಿಸಿ, ತಾಳಿ ಹೊರಗೆ ಎಳೆದು ಅವನ ಮುಖಕ್ಕೆ ಹಿಡಿದೆ. ಟೋಪಿ ಮೇಲೆತ್ತಿ ಕುಂಕುಮವನ್ನೂ ತೋರಿಸಿದೆ. ಸುತ್ತಲಿನ ದೋಣಿಗಳವರೆಲ್ಲ ನನ್ನನ್ನೇ ನೋಡುತ್ತಿದ್ದರು. ನೋಡಲಿ. ಆ ಕಡೆಯಿಂದ ಹಂಸದ ದೋಣಿ ಬರುತ್ತಿತ್ತು, ಸುಚಿತ್ರಾ “ಅತ್ತೆ, ಕೂತ್ಕಳಿ ಅತ್ತೆ!” ಎಂದು ತುಳಿದು ತುಳಿದು ಏದುಸಿರು ಬಿಡುತ್ತಿದ್ದಳು.

ಕೂತ ಮೇಲೂ ತಾಳಿಯನ್ನು ಬಹಳ ಹೊತ್ತು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ. ಚಳಿ ಕಣ್ರೀ, ನೀರಿನ ಮೇಲಿನ ಚಳಿ.

ಹಂಸ ಹತ್ತಿರ ಬಂದ ಮೇಲೆ ಸಿಂಚನ ಅವನಿಗೆ ವಿಷಯ ತಿಳಿಸಿದಳು. ಅಜ್ಜ ಊರಲ್ಲಿ ಹಸು ನೋಡಿಕೊಳ್ಳುತ್ತಾರೆ, ಅಜ್ಜಿ ಮನೇಲಿರ್ತಾರೆ ಎಂದು. ಅವನು ಎರಡೂ ಕಿವಿ ಹಿಡಿದುಕೊಂಡು ತಪ್ಪಾಯಿತು ಎಂದ, ಆಮೇಲೆ ನಕ್ಕ, ಆಮೇಲೆ ಸಿಂಚನಳ ಹತ್ತಿರ ಏನೋ ಕೇಳಿದ. ಏನಂತೆ ಎಂದೆ. “ಹಸುಗೋಸ್ಕರ ಯಾರಾದ್ರೂ ಇವ್ರನ್ನ ಬುಟ್ಟು ಇರ್ತಾರಾ ಅಂತ ಕೇಳ್ತಾವ್ರೆ ಅಜ್ಜಿ” ಎಂದಳು. ಅವನಿಗೆ ಏನು ಉತ್ತರ ಕೊಡಬೇಕಿತ್ತು? ಹಿಂದಿಯಲ್ಲಿ ಹಸುವಿಗೆ ಗಾಯ್ ಎನ್ನುತ್ತಾರೆ. ನಮ್ಮಲ್ಲಿ ಗಾಯ ಎಂದರೆ ಬೇರೆ.

ಅವನು ಆ ಕ್ಯಾನು ಎತ್ತಿ ನೀರನ್ನು ಕೆರೆಗೇ ಸುರಿದುಬಿಟ್ಟ. ಖಾಲಿ ಜಾಗವನ್ನು ಕೈಯಿಂದ ತಟ್ಟಿ, ಮುಂದಿನ ಸಲ ಇಲ್ಲಿ ಬಾಬೂಜಿ ಎಂದು ಸನ್ನೆ ಮಾಡಿದ. ದೋಣಿ ಮತ್ತೆ ನನ್ನ ಕಡೆ ವಾಲಿತು. ನಾನು ನಡುವಿಗೆ ಸರಿಯಲಿಲ್ಲ, ಅವನೂ ಸರಿಯಿರಿ ಎನ್ನಲಿಲ್ಲ. ವಾಲಿಕೊಂಡೇ ದಡ ಸೇರಿದೆವು. ಹೆಸರು ನೋಡಿದರೆ ನಾವ್. ಕೂತವಳು ನಾನೊಬ್ಬಳು.

ಆ ಸಂಜೆ ಹೋಟೆಲಿನ ರಜಾಯಿ ಹೊದ್ದು ಕೂತಿದ್ದಾಗ ಸಿಂಚನ ಕೇಳಿದಳು, “ಅಜ್ಜೀ, ನೀವ್ಯಾಕೆ ಅಜ್ಜನ್ನ ಒಂದ್ ಸಲ ಕರೆಯಲ್ಲ?” ನಿಮಗೆ ಮೇಲೆ ಬರೆದದ್ದನ್ನೇ ಅವಳಿಗೂ ಹೇಳಿದೆ. ಯಜಮಾನರನ್ನು ಕರೆಯುವುದಿಲ್ಲ, ನೆಂಟರನ್ನು ಕರೆಯುತ್ತಾರೆ, ಅದು ಮನೆಯ ಪದ್ಧತಿ ಎಂದು. ಅವಳು ಜಡೆ ಬಿಚ್ಚಿ ಮುಗಿಸಿದಳು. “ಹಂಗಾದ್ರೆ ಇಲ್ಲಿಗೆ ಕರೀರಿ. ಇಲ್ಲಿ ಎಲ್ರೂ ನೆಂಟ್ರೇ ಅಲ್ವಾ?” ಎಂದಳು. ಹೈಸ್ಕೂಲು ಹುಡುಗಿ. ನಿಮ್ಮ ಬುದ್ಧಿಯೇ ಬಂದಿದೆ, ಸಂದಿಯಲ್ಲಿ ದಾರಿ ಹುಡುಕುವುದು. ದೀಪ ಆರಿಸಿ ಮಲಗು ಎಂದು ಗದರಿದೆ. ನನಗೆ ನಿದ್ದೆ ಬರಲಿಲ್ಲ. ಅದೂ ಚಳಿಗೆ.

ಈಗ ಕೆಲಸದ ಮಾತು. ನಮ್ಮ ಬಸ್‌ಸ್ಟಾಪಿನ ಹತ್ತಿರ ಟೂರ್ ನಡೆಸುವ ಸುಂದರೇಶ ಇದ್ದಾನಲ್ಲ, ನಿಮ್ಮ ಜೊತೆ ಫ್ಯಾಕ್ಟರಿಯಲ್ಲಿದ್ದು ಬೇಗ ಕೆಲಸ ಬಿಟ್ಟವನು, ಅವನು ಯುಗಾದಿ ಕಳೆದ ಮೇಲೆ ವಯಸ್ಸಾದವರನ್ನೇ ಸೇರಿಸಿಕೊಂಡು ನೈನಿತಾಲಿಗೆ ಹೊರಡುತ್ತಿದ್ದಾನೆ. ಅಡುಗೆಯವರು ಜೊತೆಗೇ ಬರುತ್ತಾರಂತೆ, ಮುದ್ದೆ ಸಾರಿಗೆ ಕೊರತೆ ಇಲ್ಲ. ಆ ಕಾಲದಲ್ಲಿ ಬೆಟ್ಟದ ಮೇಲೆಲ್ಲ ಕೆಂಪು ಹೂವಿನ ಮರ ಅರಳಿರುತ್ತವೆಯಂತೆ, ಅದರ ಶರಬತ್ತು ಮಾಡಿ ಕೊಡುತ್ತಾರಂತೆ. ನಾನು ಹೋಗುವುದು ಖಂಡಿತ. ಹಾರುವುದು ಬಾಕಿ ಇದೆ, ಒಂಬತ್ತು ಮೂಲೆ ಬಾಕಿ ಇದೆ. ಶನಿವಾರದೊಳಗೆ ಹೆಸರು ಹೇಳಿ ಎಂದಿದ್ದಾನೆ. ನಾನು ಇನ್ನೂ ಹೇಳಿಲ್ಲ.

ನಿಮಗೆ ತಿಳಿಸುತ್ತಿದ್ದೇನೆ, ಅಷ್ಟೆ. ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ಹಸು ಕೆಂಪಿಯನ್ನು ಬಿಟ್ಟು ಹೇಗೆ ಬರಲಿ ಎಂದು ಹೇಳಲು ನೀವು ಬಾಯಿ ತೆರೆಯುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಮಂಟಯ್ಯನ ಹತ್ತಿರ ಮಾತಾಡಿದ್ದೇನೆ. ಹಾಲು ಕರೆಯುತ್ತಾನೆ, ಹುಲ್ಲು ಹಾಕುತ್ತಾನೆ, ರಾತ್ರಿ ತೋಟದಲ್ಲೇ ಮಲಗುತ್ತಾನೆ. “ಅಣ್ಣ ಬಂದ್ಮೇಲೂ ನಾನೇ ಬೇಕಾದ್ರೆ ನೋಡ್ಕತೀನಿ ಬುಡಕ್ಕಾ, ಅವ್ರು ಹೂಟಗಳ್ಳೀಲೇ ಇದ್ಕಳ್ಳಿ” ಎಂದ. ಅದು ಅವನ ಮಾತು. ನಾನು ಹೇಳಿ ಕೊಟ್ಟದ್ದಲ್ಲ.

ಹಾಲಿನ ಚೀಲದಲ್ಲಿ ಒಂದು ಸ್ವೆಟರ್ ಇದೆ. ನೀಲಿ. ಅಲ್ಲಿನ ಸಂತೆಯಲ್ಲಿ ಸಿಂಚನ ಒತ್ತಾಯ ಮಾಡಿದಳು ಎಂದು ತೆಗೆದುಕೊಂಡದ್ದು. ಅಳತೆಗೆ ಅಂಗಡಿಯವನ ಭುಜದ ಮೇಲೆ ಕೈ ಅಗಲಿಸಿ ತೋರಿಸಿದೆ, ಇಷ್ಟು ಎಂದು. ಸಡಿಲವಾದರೆ ನೀವು ಅಲ್ಲಿ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ತಿಳಿಯುತ್ತೇನೆ. ಇಲವಾಲದಲ್ಲಿ ಅದನ್ನು ಹಾಕಿಕೊಳ್ಳುವಷ್ಟು ಚಳಿ ಬೀಳುವುದಿಲ್ಲ. ಯೋಚನೆ ಮಾಡಿ.

ಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಕ್ಯಾನಿನ ಮುಚ್ಚಳ ಸಡಿಲವಾಗಿದೆ, ಬೇರೆ ಹಾಕಿಸಿ. ಉತ್ತರ ಬರೆಯುವ ಅಭ್ಯಾಸ ನಿಮಗಿಲ್ಲ, ಅದಕ್ಕೆ ಕಾಯುವುದಿಲ್ಲ.

ಹೂಟಗಳ್ಳಿಯಿಂದ,
ನಿಮ್ಮ ಮನೆಯವಳು,
ವಸಂತಮ್ಮ

ತಾ.ಕ.: ಕಾಗದ ಮಡಿಸಿ ಇಡುವಷ್ಟರಲ್ಲಿ ಸುಂದರೇಶ ಫೋನ್ ಮಾಡಿದ. ಜಾಗ ತುಂಬುತ್ತಿದೆಯಂತೆ, ಶನಿವಾರದವರೆಗೆ ಕಾಯಲಾಗುವುದಿಲ್ಲವಂತೆ. “ಯಾರ್ಯಾರಮ್ಮ ಬರೋದು?” ಎಂದ. “ನಾವು” ಎಂದೆ. ಬಾಯಿಂದ ಹಾಗೇ ಬಂದುಬಿಟ್ಟಿತು. “ನಾವು ಅಂದ್ರೆ? ಹೆಸ್ರು ಹೇಳಿ” ಎಂದ. ನನ್ನದು ಹೇಳಿದೆ. “ಇನ್ನೊಬ್ರು?” ಎಂದ. ನಿನಗೆ ಗೊತ್ತಲ್ಲ, ನಿನ್ನ ಜೊತೆ ಕೆಲಸ ಮಾಡಿದವರು ಎಂದೆ. “ಗೊತ್ತಮ್ಮ, ಆದ್ರೂ ನಿಮ್ ಬಾಯಲ್ಲೇ ಬರ್ಲಿ, ಆಮೇಲೆ ನಾನು ಕೇಳಲಿಲ್ಲ ಅನ್ಬೇಡಿ” ಎಂದು ನಗುತ್ತಾನೆ ಪೋಲಿ. ವಿಜಯ್ ಅಂಗಡಿಯಲ್ಲಿದ್ದ, ಸಿಂಚನ ಸ್ಕೂಲಿನಲ್ಲಿದ್ದಳು, ಸುಚಿತ್ರಾ ಸಂತೆಗೆ ಹೋಗಿದ್ದಳು. ಹೇಳಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ನಾನೇ ಹೇಳಿದೆ. ಮೊದಲ ಸಲ ಅವನಿಗೆ ಕೇಳಿಸಲಿಲ್ಲ. ಎರಡನೆಯ ಸಲ ಗಟ್ಟಿಯಾಗಿ ಹೇಳಿದೆ, ಎದುರು ಮನೆ ಪ್ರೇಮಲೀಲಾ ಕಿಟಕಿಯಿಂದ ಬಗ್ಗಿ ನೋಡಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಕೇಳಬೇಕು ಅಂತಿದ್ದರೆ ಬನ್ನಿ.